ಸೀಮೆಎಣ್ಣೆಯ ಒಡೆತನ ಬದಲಿಸಿದ ಗುಮಾಸ್ತ

1964ರ ಜನವರಿ 1. ಅಂದು ಸಿಂಹಳ ದ್ವೀಪದ ಒಳನಾಡಿನಲ್ಲಿ ಪೆಟ್ರೋಲ್, ಡೀಸೆಲ್ ಮತ್ತು ಸೀಮೆಎಣ್ಣೆಯ ಸಗಟು ವ್ಯಾಪಾರವೆಲ್ಲ ಒಂದೇ ಕೈಗೆ ಬಂದಿತು. ಅದು ಸರ್ಕಾರದ ಕೈ. ಅಲ್ಲಿಯವರೆಗೆ ಶೆಲ್, ಎಸ್ಸೊ, ಕಾಲ್ಟೆಕ್ಸ್ ಎಂಬ ಮೂರು ವಿದೇಶಿ ಕಂಪೆನಿಗಳು ದ್ವೀಪದ ದೀಪಗಳಿಗೂ ಬಸ್ಸುಗಳಿಗೂ ಎಣ್ಣೆ ಒದಗಿಸುತ್ತಿದ್ದವು. ಈ ಬದಲಾವಣೆಯ ಹಿಂದೆ ನಿಂತಿದ್ದ ಸಚಿವ ಎಣ್ಣೆಯ ವ್ಯಾಪಾರಿಯಲ್ಲ, ಎಂಜಿನಿಯರ್ ಅಲ್ಲ, ಅರ್ಥಶಾಸ್ತ್ರದ ಪಂಡಿತನೂ ಅಲ್ಲ. ಅವರು ಸರ್ಕಾರಿ ಕಚೇರಿಯ ಗುಮಾಸ್ತರಾಗಿದ್ದು, ಮುಷ್ಕರ ಮಾಡಿದ್ದಕ್ಕಾಗಿ ಕೆಲಸ ಕಳೆದುಕೊಂಡವರು. ಬಿಡುವಿನಲ್ಲಿ ಕಾದಂಬರಿ ಬರೆಯುತ್ತಿದ್ದರು, ನಾಟಕಗಳಲ್ಲಿ ಬಣ್ಣ ಹಚ್ಚುತ್ತಿದ್ದರು. ಹೆಸರು ತಿಕಿರಿ ಬಂಡಾರ ಇಲಂಗರತ್ನ. ದ್ವೀಪದ ಜನರ ಬಾಯಲ್ಲಿ ಟಿ.ಬಿ. ಇಲಂಗರತ್ನ.

ನಮ್ಮವರು ದೀಪದ ಎಣ್ಣೆಯನ್ನು ಸೀಮೆಎಣ್ಣೆ ಎಂದರು. ಸೀಮೆಯಿಂದ, ಅಂದರೆ ಪರದೇಶದಿಂದ ಬಂದ ಎಣ್ಣೆ. ಸಿಂಹಳೀಯರು ಅದನ್ನೇ ಭೂಮಿತೆಲ್ ಎನ್ನುತ್ತಾರೆ, ಭೂಮಿಯೊಳಗಿನ ತೈಲವೆಂಬ ಅರ್ಥದಲ್ಲಿ. ಆದರೆ ಆ ದ್ವೀಪದ ಭೂಮಿಯಲ್ಲಿ ಆಗ ಒಂದು ತೊಟ್ಟು ಎಣ್ಣೆಯೂ ತೆಗೆಯುತ್ತಿರಲಿಲ್ಲ. ವಾಸ್ತವಕ್ಕೆ ಹೊಂದುತ್ತಿದ್ದುದು ಕನ್ನಡದ ಹೆಸರೇ. ಪ್ರತಿಯೊಂದು ಹನಿಯೂ ಹಡಗಿನಲ್ಲಿ ಕೊಲಂಬೊ ಬಂದರಿಗೆ ಬರಬೇಕು, ಅಲ್ಲಿಂದ ಕೊಳವೆಯಲ್ಲಿ ನಗರದ ಪೂರ್ವಕ್ಕಿರುವ ಕೊಲೊನ್ನಾವದ ಟ್ಯಾಂಕುಗಳಿಗೆ ಹರಿಯಬೇಕು, ಆಮೇಲೆ ರೈಲಿನ ಟ್ಯಾಂಕರ್ ಬಂಡಿಗಳಲ್ಲಿಯೂ ಲಾರಿಗಳಲ್ಲಿಯೂ ಊರೂರಿನ ಡಿಪೋಗಳನ್ನು ಸೇರಬೇಕು. ಕೊಲಂಬೊದ ಬೀದಿಗಳಲ್ಲಿ ಟ್ಯಾಂಕು ಹೊತ್ತ ಎತ್ತಿನ ಗಾಡಿಗಳು ಸೀಮೆಎಣ್ಣೆ ಮಾರುತ್ತಾ ಸಾಗುತ್ತಿದ್ದ ಕಾಲವದು. ವಿದ್ಯುತ್ತು ಕಾಣದ ಹಳ್ಳಿಮನೆಗೆ ಈ ಸರಪಳಿಯ ಕೊನೆಯ ಕೊಂಡಿಯೆಂದರೆ ಸಂಜೆ ಹಚ್ಚುವ ಬುಡ್ಡಿದೀಪ.

ಇಂತಹ ವ್ಯಾಪಾರದಲ್ಲಿ ಹಣ ಉಳಿಯುವುದು ಎಲ್ಲಿ ಎಂಬುದನ್ನು ತಿಳಿದರೆ ಮುಂದಿನ ಕಥೆ ಸುಲಭವಾಗುತ್ತದೆ. ಕೊಲಂಬೊದಲ್ಲಿದ್ದ ಕಂಪೆನಿ ಎಣ್ಣೆಯನ್ನು ಹೊರಗಿನ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ ಕೊಳ್ಳುತ್ತಿರಲಿಲ್ಲ. ತನ್ನದೇ ಮಾತೃಸಂಸ್ಥೆಯಿಂದ, ಆ ಸಂಸ್ಥೆಯೇ ಪ್ರಕಟಿಸಿದ ದರಕ್ಕೆ ತರಿಸಿಕೊಳ್ಳುತ್ತಿತ್ತು. ಹೀಗಾಗಿ ಸ್ಥಳೀಯ ಲೆಕ್ಕಪುಸ್ತಕದಲ್ಲಿ ಕಾಣುವ ಲಾಭ ಎಷ್ಟೇ ಇರಲಿ, ಆಮದು ದರದೊಳಗೇ ಅಡಗಿದ ಲಾಭ ದ್ವೀಪದ ಸರ್ಕಾರದ ಕಣ್ಣಿಗೂ ತೆರಿಗೆಗೂ ಸಿಗುತ್ತಿರಲಿಲ್ಲ. ಚಹಾ, ರಬ್ಬರ್, ತೆಂಗು ಮಾರಿ ಗಳಿಸಿದ ವಿದೇಶಿ ವಿನಿಮಯದ ಒಂದು ಪಾಲು ಈ ದಾರಿಯಲ್ಲಿ ಹೊರಗೆ ಹರಿಯುತ್ತಿತ್ತು. 1950ರ ದಶಕದ ಕೊನೆಗೆ ವಿನಿಮಯ ಸಂಗ್ರಹ ಕರಗತೊಡಗಿದಾಗ ಈ ಪ್ರಶ್ನೆ ತಾನಾಗಿಯೇ ಮೇಲೆದ್ದಿತು.

ಇಲಂಗರತ್ನ ಹುಟ್ಟಿದ್ದು 1913ರ ಫೆಬ್ರವರಿ 27ರಂದು, ಕ್ಯಾಂಡಿ ಸೀಮೆಯ ಹತರಲಿಯದ್ದ ಎಂಬ ಹಳ್ಳಿಯಲ್ಲಿ. ಆ ಕಾಲದ ಸಿಂಹಳ ರಾಜಕಾರಣವೆಂದರೆ ದೊಡ್ಡ ಮನೆತನಗಳ ಜಹಗೀರು. ನಾಯಕರಾದವರು ತೋಟಗಳ ಒಡೆಯರು, ವಿಲಾಯಿತಿಯಲ್ಲಿ ಓದಿ ಬಂದ ಬ್ಯಾರಿಸ್ಟರುಗಳು. ಇಲಂಗರತ್ನರಿಗೆ ಈ ಎರಡೂ ಅರ್ಹತೆಗಳಿರಲಿಲ್ಲ. ಓದು ಮುಗಿಸಿ ಅವರು ಸೇರಿದ್ದು ಸರ್ಕಾರಿ ಗುಮಾಸ್ತೆ ಸೇವೆಯನ್ನು. ಇಂಗ್ಲಿಷ್ ಬಲ್ಲ ಹಳ್ಳಿಯ ಹುಡುಗನಿಗೆ ಅಂದು ಅದಕ್ಕಿಂತ ಭದ್ರವಾದ ಬದುಕು ಬೇರೊಂದಿರಲಿಲ್ಲ. ಸುಮ್ಮನೆ ಕಡತ ಸರಿಸುತ್ತಾ ಕುಳಿತಿದ್ದರೆ ಪಿಂಚಣಿ ಖಚಿತವಿತ್ತು. ಆದರೆ ಅವರು ಸರ್ಕಾರಿ ಗುಮಾಸ್ತರ ಸಂಘದ ಅಧ್ಯಕ್ಷರಾದರು.

ಸರ್ಕಾರಿ ನೌಕರರು ಸಂಘ ಕಟ್ಟಬಹುದು, ಆದರೆ ಇತರ ಕಾರ್ಮಿಕ ಸಂಘಗಳ ಜತೆ ಸೇರಬಾರದು, ರಾಜಕೀಯದ ನೆರಳು ಸೋಕಬಾರದು ಎಂಬುದು ಆಗಿನ ಕಟ್ಟಳೆ. 1947ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಗುಮಾಸ್ತರು ಈ ಕಟ್ಟಳೆಯನ್ನು ಮುರಿದು ಕಾರ್ಮಿಕರೊಂದಿಗೆ ಬೀದಿಗಿಳಿದರು. ಬಿಳಿ ಅಂಗಿಯ ಬಾಬುಗಳು ಕೂಲಿಕಾರರ ಪಕ್ಕದಲ್ಲಿ ನಡೆದದ್ದು ಆಳುವವರಿಗೆ ಆಘಾತವನ್ನೇ ತಂದಿರಬೇಕು. ಜೂನ್ 5ರಂದು ಕೊಲಂಬೊದ ದೆಮಟಗೊಡದ ಬಳಿ ಪೊಲೀಸರು ಮೆರವಣಿಗೆಯ ಮೇಲೆ ಗುಂಡು ಹಾರಿಸಿದರು. ಕಂದಸಾಮಿ ಎಂಬ ತಮಿಳು ಗುಮಾಸ್ತ ಪ್ರಾಣ ಬಿಟ್ಟರು. ಸಿಂಹಳೀಯನೊಬ್ಬ ಅಧ್ಯಕ್ಷನಾಗಿದ್ದ ಸಂಘದ ಹೋರಾಟದಲ್ಲಿ ಬಿದ್ದ ಮೊದಲ ಹೆಣ ತಮಿಳನದ್ದು ಎಂಬ ಸಂಗತಿಯನ್ನು ಆ ದ್ವೀಪದ ಮುಂದಿನ ಚರಿತ್ರೆ ಬಲ್ಲವರು ನಿಟ್ಟುಸಿರಿನೊಂದಿಗೇ ನೆನೆಯಬೇಕಾಗುತ್ತದೆ. ಮುಷ್ಕರ ಸೋತಿತು. ಇಲಂಗರತ್ನರ ನೌಕರಿ ಹೋಯಿತು.

ನೌಕರಿ ಹೋದದ್ದೇ ರಾಜಕೀಯಕ್ಕೆ ದಾರಿಯಾಯಿತು. 1948ರಲ್ಲಿ ಕ್ಯಾಂಡಿ ಕ್ಷೇತ್ರದ ಉಪಚುನಾವಣೆಯಲ್ಲಿ ನಿಂತು ಗೆದ್ದು, ಕೆಲಸದಿಂದ ತೆಗೆದುಹಾಕಿದ ಸರ್ಕಾರದ ಎದುರಿಗೇ ಸಂಸತ್ತಿನಲ್ಲಿ ಕುಳಿತರು. ಸಂತೋಷ ಬಹಳ ದಿನ ಉಳಿಯಲಿಲ್ಲ. ಚುನಾವಣಾ ತಕರಾರು ಅರ್ಜಿಯಲ್ಲಿ ಅವರ ಆಯ್ಕೆ ರದ್ದಾಯಿತು. 1949ರಲ್ಲಿ ಮತ್ತೆ ಉಪಚುನಾವಣೆ ನಡೆದಾಗ ಪತ್ನಿ ತಮಾರಾ ಕುಮಾರಿ ಇಲಂಗರತ್ನ ಕಣಕ್ಕಿಳಿದು ಗೆದ್ದರು. ಸ್ವತಂತ್ರ ಸಿಂಹಳದ ಸಂಸತ್ತನ್ನು ಪ್ರವೇಶಿಸಿದ ಮೊದಲ ಕೆಲವೇ ಮಹಿಳೆಯರಲ್ಲಿ ಆಕೆ ಒಬ್ಬರು.

ಎಸ್.ಡಬ್ಲ್ಯು.ಆರ್.ಡಿ. ಬಂಡಾರನಾಯಕೆ 1951ರಲ್ಲಿ ಶ್ರೀಲಂಕಾ ಫ್ರೀಡಂ ಪಾರ್ಟಿಯನ್ನು ಕಟ್ಟಿದಾಗ ಇಲಂಗರತ್ನ ಅದರ ಎಡಪಂಥೀಯ ಮುಖವಾದರು. 1956ರಲ್ಲಿ ಆ ಪಕ್ಷದ ಮುಂದಾಳತ್ವದ ಕೂಟ ಅಧಿಕಾರಕ್ಕೆ ಬಂದಾಗ ಮಾಜಿ ಗುಮಾಸ್ತ ಕಾರ್ಮಿಕ ಸಚಿವ. 1958ರ ಭವಿಷ್ಯನಿಧಿ ಕಾಯಿದೆ ಅವರ ಕಾಲದ್ದು. ಖಾಸಗಿ ಕಂಪೆನಿಯಲ್ಲಿ ದುಡಿಯುವವನಿಗೂ ಮುಪ್ಪಿನಲ್ಲಿ ಕೈಯಲ್ಲಿ ನಾಲ್ಕು ಕಾಸು ಇರಬೇಕೆಂಬ ಈ ಏರ್ಪಾಡು ಮುಂದೆ ಆ ದೇಶದ ಅತಿದೊಡ್ಡ ನಿವೃತ್ತಿ ನಿಧಿಯಾಗಿ ಬೆಳೆಯಿತು. ಎಣ್ಣೆಯ ಗದ್ದಲದಲ್ಲಿ ಇದನ್ನು ಮರೆಯುವವರೇ ಹೆಚ್ಚು. ಆದರೆ ಅವರ ಕೆಲಸಗಳಲ್ಲಿ ತಕರಾರಿಲ್ಲದೆ ನಿಂತದ್ದು ಬಹುಶಃ ಇದೇ.

1959ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಬಂಡಾರನಾಯಕೆ ಕೊಲೆಯಾದರು. 1960ರ ಜುಲೈಯಲ್ಲಿ ಅವರ ಪತ್ನಿ ಸಿರಿಮಾವೊ ಜಗತ್ತಿನ ಮೊದಲ ಮಹಿಳಾ ಪ್ರಧಾನಿಯಾದರು. ಹೊಸ ಸಂಪುಟದಲ್ಲಿ ವಾಣಿಜ್ಯ, ಆಹಾರ ಮತ್ತು ಹಡಗು ಸಾರಿಗೆ ಖಾತೆಗಳು ಇಲಂಗರತ್ನರ ಪಾಲಿಗೆ ಬಂದವು. 1961 ಒಂದೇ ವರ್ಷದಲ್ಲಿ ಆ ಸರ್ಕಾರ ಮಾಡಿದ ಕೆಲಸಗಳನ್ನು ನೋಡಿದರೆ ಅವಸರ ಎದ್ದು ಕಾಣುತ್ತದೆ. ಬ್ಯಾಂಕ್ ಆಫ್ ಸಿಲೋನ್ ರಾಷ್ಟ್ರೀಕರಣಗೊಂಡಿತು. ವಿಮಾ ನಿಗಮ ಹುಟ್ಟಿತು. 1961ರ 28ನೇ ಕಾಯಿದೆ ಸಿಲೋನ್ ಪೆಟ್ರೋಲಿಯಂ ನಿಗಮವನ್ನೂ, ಅದರ ಬೆನ್ನಿಗೇ 29ನೇ ಕಾಯಿದೆ ಹಳ್ಳಿಗರಿಗೆ ಸಾಲ ಕೊಡುವ ಪೀಪಲ್ಸ್ ಬ್ಯಾಂಕನ್ನೂ ಸೃಷ್ಟಿಸಿದವು. ಸಿಂಹಳದಲ್ಲಿ ಪೆಟ್ರೋಲಿಯಂ ನಿಗಮದ ಹೆಸರಿನಲ್ಲಿರುವ ಖನಿಜ ತೆಲ್ ಎಂಬ ಮಾತು ಕನ್ನಡಿಗರಿಗೆ ಅನುವಾದವಿಲ್ಲದೆಯೇ ಅರ್ಥವಾಗುತ್ತದೆ.

ಆ ದಿನಗಳ ಗಾಳಿಯೇ ಹಾಗಿತ್ತು. 1960ರಲ್ಲಿ ಸೋವಿಯತ್ ಕಚ್ಚಾತೈಲವನ್ನು ಸಂಸ್ಕರಿಸಲು ಒಪ್ಪದ ವಿದೇಶಿ ಕಂಪೆನಿಗಳ ಸಂಸ್ಕರಣಾಗಾರಗಳನ್ನು ಕ್ಯೂಬಾ ವಶಪಡಿಸಿಕೊಂಡಿತ್ತು. ಅದೇ ವರ್ಷ ಭಾರತದಲ್ಲಿಯೂ ಬರ್ಮಾ ಶೆಲ್ ಮೊದಲಾದ ಕಂಪೆನಿಗಳು ಸೋವಿಯತ್ ಕಚ್ಚಾತೈಲವನ್ನು ನಿರಾಕರಿಸಿದ್ದವು. ದೆಹಲಿ ಕ್ಯೂಬಾದ ದಾರಿ ಹಿಡಿಯದೆ, ಸ್ವಂತ ಇಂಡಿಯನ್ ಆಯಿಲ್ ಕಂಪೆನಿಯ ಮೂಲಕ ಸೋವಿಯತ್ ಡೀಸೆಲ್, ಸೀಮೆಎಣ್ಣೆ ತರಿಸತೊಡಗಿತು. ಸೋವಿಯತ್ ಒಕ್ಕೂಟ ಮಾರುಕಟ್ಟೆ ಹಿಡಿಯಲು ದರ ಇಳಿಸಿ ಕೂತಿತ್ತು. ಡಾಲರು ಅಥವಾ ಪೌಂಡು ಕೊಡಬೇಕೆಂಬ ಒತ್ತಾಯವೂ ಇರಲಿಲ್ಲ, ಸರಕಿಗೆ ಸರಕು ಕೊಟ್ಟರೂ ಆಗುತ್ತಿತ್ತು. ಇಲಂಗರತ್ನರ ಲೆಕ್ಕ ಇಲ್ಲಿಂದ ಶುರುವಾಯಿತು. ಸೋವಿಯತ್ ಒಕ್ಕೂಟ, ರುಮೇನಿಯಾ ಮತ್ತು ಈಜಿಪ್ಟಿನಿಂದ ಅಗ್ಗದ ಎಣ್ಣೆ ತರಿಸಿ, ಅದರ ಸಗಟು ಮಾರಾಟವನ್ನು ದೇಶದ ನಿಗಮವೇ ಮಾಡಿದರೆ ಬೆಲೆಯೂ ಇಳಿಯುತ್ತದೆ, ವಿನಿಮಯವೂ ಉಳಿಯುತ್ತದೆ.

ತೊಡಕು ಇದ್ದದ್ದು ಬೇರೆಡೆ. ಎಣ್ಣೆ ಕೊಳ್ಳುವುದು ಕಷ್ಟವಲ್ಲ, ಅದನ್ನು ಇಳಿಸಿಕೊಳ್ಳುವುದು ಎಲ್ಲಿ? ಬಂದರಿನ ಕೊಳವೆಗಳು, ಟ್ಯಾಂಕುಗಳು, ಡಿಪೋಗಳು, ಬಂಕುಗಳು ಎಲ್ಲವೂ ಆ ಮೂರು ಕಂಪೆನಿಗಳವು. ಸಗಟು ಇಂಧನ ವ್ಯಾಪಾರದಲ್ಲಿ ಟ್ಯಾಂಕು ಯಾರದೋ ಮಾರುಕಟ್ಟೆ ಅವರದು. ಹೊಸ ಟ್ಯಾಂಕು ಕಟ್ಟಿಸಲು ಬಡದೇಶಕ್ಕೆ ಕಾಲವೂ ಇರಲಿಲ್ಲ, ಹಣವೂ ಇರಲಿಲ್ಲ. ಆದ್ದರಿಂದ ಕಂಪೆನಿಗಳ ಆಸ್ತಿಯನ್ನು ಅಗತ್ಯಕ್ಕೆ ತಕ್ಕಂತೆ ಸ್ವಾಧೀನಪಡಿಸಿಕೊಳ್ಳುವ ಅಧಿಕಾರವನ್ನು ಕಾಯಿದೆಯಲ್ಲೇ ಸೇರಿಸಲಾಗಿತ್ತು. 1962ರಲ್ಲಿ ಸರ್ಕಾರ ಆ ಅಧಿಕಾರವನ್ನು ಬಳಸಿ ಬಂಕುಗಳಲ್ಲಿಯೂ ದಾಸ್ತಾನು ವ್ಯವಸ್ಥೆಯಲ್ಲಿಯೂ ಒಂದು ಭಾಗವನ್ನು ನಿಗಮಕ್ಕೆ ವಹಿಸಿತು. ಕೆಲಕಾಲ ದ್ವೀಪದಲ್ಲಿ ವಿಚಿತ್ರ ದೃಶ್ಯವಿತ್ತು. ಒಂದು ಬಂಕಿನಲ್ಲಿ ನಿಗಮದ ಎಣ್ಣೆ, ಇನ್ನೊಂದರಲ್ಲಿ ಶೆಲ್ ಅಥವಾ ಕಾಲ್ಟೆಕ್ಸ್ ಎಣ್ಣೆ. ನಿನ್ನೆಯವರೆಗಿನ ಒಡೆಯ ಇಂದು ಪಕ್ಕದ ಅಂಗಡಿಯ ಪ್ರತಿಸ್ಪರ್ಧಿ.

ಜಗಳ ಹುಟ್ಟಿದ್ದು ಪರಿಹಾರದ ಮೊತ್ತದಲ್ಲಿ. ಕೊಡುವುದಿಲ್ಲವೆಂದು ಸಿಂಹಳ ಸರ್ಕಾರ ಎಂದೂ ಹೇಳಿರಲಿಲ್ಲ. ಎಷ್ಟು, ಯಾವ ಲೆಕ್ಕದಲ್ಲಿ, ಯಾವಾಗ ಎಂಬುದೇ ಪ್ರಶ್ನೆ. ಕಂಪೆನಿಗಳು ನಡೆಯುತ್ತಿರುವ ವ್ಯಾಪಾರದ ಬೆಲೆ ಕೇಳಿದವು. ಸರ್ಕಾರ ಹಳೆಯ ಕಬ್ಬಿಣ ಸಿಮೆಂಟಿನ ಬೆಲೆ ಕಟ್ಟಿತು. ಎರಡರ ನಡುವಿನ ಅಂತರ ದೊಡ್ಡದಿತ್ತು.

ಇದೇ ಹೊತ್ತಿಗೆ ಸಾವಿರಾರು ಮೈಲಿ ದೂರದಲ್ಲಿ ನಡೆದ ಇನ್ನೊಂದು ಘಟನೆ ಈ ಜಗಳಕ್ಕೆ ಬೆಂಕಿ ತಾಗಿಸಿತು. 1962ರ ಫೆಬ್ರವರಿಯಲ್ಲಿ ಬ್ರೆಜಿಲಿನ ಒಂದು ರಾಜ್ಯ ಅಮೆರಿಕದ ದೂರವಾಣಿ ಕಂಪೆನಿಯೊಂದರ ಆಸ್ತಿಯನ್ನು ವಶಪಡಿಸಿಕೊಂಡಿತು. ಕ್ಯೂಬಾದ ಗಾಯ ಇನ್ನೂ ಹಸಿಯಾಗಿತ್ತು. ಸಿಟ್ಟಿಗೆದ್ದ ಅಮೆರಿಕದ ಸಂಸತ್ತು ಆ ವರ್ಷದ ವಿದೇಶಿ ನೆರವಿನ ಕಾಯಿದೆಗೆ ಅಯೋವಾದ ಸೆನೆಟರ್ ಹಿಕೆನ್‌ಲೂಪರ್ ಅವರ ತಿದ್ದುಪಡಿಯನ್ನು ಸೇರಿಸಿತು. ಅಮೆರಿಕನ್ನರ ಆಸ್ತಿ ಕಿತ್ತುಕೊಂಡು ಆರು ತಿಂಗಳೊಳಗೆ ಸೂಕ್ತ ಪರಿಹಾರಕ್ಕೆ ಕ್ರಮ ಕೈಗೊಳ್ಳದ ದೇಶಕ್ಕೆ ನೆರವು ನಿಲ್ಲಲೇಬೇಕು, ಅಧ್ಯಕ್ಷನಿಗೂ ವಿನಾಯಿತಿ ನೀಡುವ ಅಧಿಕಾರವಿಲ್ಲ ಎಂಬುದು ಅದರ ತಿರುಳು. ಕೈ ಕಟ್ಟಿಹಾಕುವ ಈ ತಿದ್ದುಪಡಿಯನ್ನು ಅಧ್ಯಕ್ಷ ಕೆನಡಿ ಅವರೇ ವಿರೋಧಿಸಿದ್ದರು. ಲ್ಯಾಟಿನ್ ಅಮೆರಿಕವನ್ನು ಗುರಿಯಾಗಿಟ್ಟು ಬಿಗಿದ ಬಿಲ್ಲು ಅದು. ಮೊದಲ ಬಾಣ ಬಂದು ನಾಟಿದ್ದು ಹಿಂದೂ ಮಹಾಸಾಗರದ ಪುಟ್ಟ ದ್ವೀಪಕ್ಕೆ. 1963ರ ಫೆಬ್ರವರಿ 8ರಂದು ಅಮೆರಿಕ ಸಿಂಹಳಕ್ಕೆ ನೀಡುತ್ತಿದ್ದ ನೆರವನ್ನು ನಿಲ್ಲಿಸಿತು.

ದ್ವೀಪಕ್ಕೆ ಇಂತಹ ಏಟು ಹೊಸದಲ್ಲ. 1952ರಲ್ಲಿ ಚೀನಾಕ್ಕೆ ರಬ್ಬರ್ ಕೊಟ್ಟು ಅಕ್ಕಿ ಪಡೆಯುವ ಒಪ್ಪಂದ ಮಾಡಿಕೊಂಡಾಗಲೂ ಅಮೆರಿಕದ ಮುನಿಸನ್ನು ಕಂಡಿತ್ತು. ಆಗ ಆಳುತ್ತಿದ್ದುದು ಬಲಪಂಥೀಯ ಪಕ್ಷವೆಂಬುದು ಗಮನಾರ್ಹ. ಅಕ್ಕಿ, ಎಣ್ಣೆಗಳ ಮಾತು ಬಂದಾಗ ಬಡದೇಶದ ಎಡಬಲಗಳ ಗೆರೆ ಮಸುಕಾಗುತ್ತದೆ. ನೆರವು ನಿಂತ ಮೇಲೆ ಸರ್ಕಾರ ಹಿಂದೆ ಸರಿಯಬಹುದೆಂದು ವಾಷಿಂಗ್ಟನ್ ಎಣಿಸಿದ್ದರೆ ಆ ಎಣಿಕೆ ತಪ್ಪಿತು. ಬೆದರಿಕೆಗೆ ಬಗ್ಗಿದರೆಂಬ ಅಪವಾದ ಹೊತ್ತು ಯಾವ ಮಂತ್ರಿಯೂ ಕೊಲಂಬೊದಲ್ಲಿ ತಲೆಯೆತ್ತಿ ತಿರುಗುವಂತಿರಲಿಲ್ಲ. 1963ರ ಮೇ ತಿಂಗಳಲ್ಲಿ ಇಲಂಗರತ್ನ ಹಣಕಾಸು ಸಚಿವರೇ ಆದರು. ಅರ್ಧ ಸ್ವಾಧೀನದ ಬದಲು ಇಡೀ ಒಳನಾಡು ಮಾರುಕಟ್ಟೆಯನ್ನೇ ನಿಗಮಕ್ಕೆ ಒಪ್ಪಿಸುವ ನಿರ್ಧಾರ ಹೊರಬಿದ್ದಿತು. ಹೀಗೆ ಬಂದದ್ದು 1964ರ ಆ ಹೊಸ ವರ್ಷದ ದಿನ.

ಈ ಹೋರಾಟದಲ್ಲಿ ಇಲಂಗರತ್ನರ ಪಟ್ಟು ಎಷ್ಟು ಸರಿಯಿತ್ತು? ದುಬಾರಿ ಆಮದು ದರದ ಬಗ್ಗೆ ಅವರ ದೂರು ಹುರುಳಿಲ್ಲದ್ದಲ್ಲ. ಮುಂದೆ ಒಂದು ದಶಕದೊಳಗೆ ಎಣ್ಣೆ ಉತ್ಪಾದಿಸುವ ದೇಶಗಳೇ ಆ ಪ್ರಕಟಿತ ದರದ ವ್ಯವಸ್ಥೆಯನ್ನು ಕಂಪೆನಿಗಳ ಕೈಯಿಂದ ಕಸಿದುಕೊಂಡವು. ಭಾರತವೂ 1974ರಿಂದ 1976ರ ನಡುವೆ ಎಸ್ಸೊ, ಬರ್ಮಾ ಶೆಲ್, ಕಾಲ್ಟೆಕ್ಸ್‌ಗಳನ್ನು ವಶಕ್ಕೆ ತೆಗೆದುಕೊಂಡಿತು. ಬೆಂಗಳೂರಿನ ಹಳಬರು ಬರ್ಮಾ ಶೆಲ್ ಬಂಕುಗಳ ಬೋರ್ಡು ಬದಲಾದದ್ದನ್ನು ನೆನಪಿಸಿಕೊಳ್ಳಬಲ್ಲರು. ಕೊಲಂಬೊ ಅದನ್ನು ಹತ್ತು ವರ್ಷ ಮೊದಲೇ ಮಾಡಿತ್ತು. ಆದರೆ ಪರಿಹಾರದ ಮಾತುಕತೆಯನ್ನು ಎಳೆದದ್ದರಿಂದ ದೇಶ ಕಳೆದುಕೊಂಡದ್ದು ಅಮೆರಿಕದ ನೆರವಷ್ಟೇ ಅಲ್ಲ, ಹೊರಗಿನ ಬಂಡವಾಳದ ವಿಶ್ವಾಸವೂ ಹೌದು. ಬೇಗ ಕುಳಿತು ಒಂದು ಮೊತ್ತಕ್ಕೆ ಒಪ್ಪಿದ್ದರೆ ಗೆಲುವು ಇನ್ನಷ್ಟು ಅಗ್ಗವಾಗಿ ದಕ್ಕುತ್ತಿತ್ತು ಎನ್ನಬೇಕಾಗುತ್ತದೆ.

1964ರ ಜೂನ್‌ನಲ್ಲಿ ಎಡಪಕ್ಷದ ಎನ್.ಎಂ. ಪೆರೇರಾ ಅವರಿಗೆ ಹಣಕಾಸು ಖಾತೆ ಬಿಟ್ಟುಕೊಟ್ಟು ಇಲಂಗರತ್ನ ಮತ್ತೆ ವಾಣಿಜ್ಯಕ್ಕೆ ಮರಳಿದರು. ಆ ಡಿಸೆಂಬರಿನಲ್ಲಿ ಪತ್ರಿಕೆಗಳ ಮಸೂದೆಯ ಗಲಾಟೆಯಲ್ಲಿ ಸರ್ಕಾರವೇ ಬಿದ್ದಿತು. 1965ರಲ್ಲಿ ಗೆದ್ದ ಡಡ್ಲಿ ಸೇನಾನಾಯಕೆ ಕಂಪೆನಿಗಳೊಡನೆ ಪರಿಹಾರದ ಒಪ್ಪಂದ ಮಾಡಿಕೊಂಡರು, ಅಮೆರಿಕದ ನೆರವು ಮರಳಿತು. ಇಲಂಗರತ್ನರ ವಿರೋಧಿಯಾಗಿದ್ದ ಈ ಸರ್ಕಾರ ಮಾರುಕಟ್ಟೆಯನ್ನು ಕಂಪೆನಿಗಳಿಗೆ ಹಿಂದಿರುಗಿಸಲಿಲ್ಲ. ಬದಲಿಗೆ ನಿಗಮಕ್ಕೆ ಸಪುಗಸ್ಕಂದದಲ್ಲಿ ಸಂಸ್ಕರಣಾಗಾರ ಕಟ್ಟಿಸಿ 1969ರಲ್ಲಿ ಉದ್ಘಾಟಿಸಿತು. ಇರಾನಿನ ಕಚ್ಚಾತೈಲಕ್ಕೆ ಹೊಂದುವಂತೆ ಕಟ್ಟಿದ ಆ ಸ್ಥಾವರ ಇಂದಿಗೂ ದೇಶದ ಏಕೈಕ ಸಂಸ್ಕರಣಾಗಾರ.

1970ರಲ್ಲಿ ಸಿರಿಮಾವೊ ಭಾರಿ ಬಹುಮತದಿಂದ ಮರಳಿದರು. ಇಲಂಗರತ್ನರಿಗೆ ಒಳನಾಡು ಮತ್ತು ವಿದೇಶ ವ್ಯಾಪಾರ ಖಾತೆ. ಅವರ ಕ್ಷೇತ್ರ ಈಗ ಕೊಲೊನ್ನಾವ, ಎಣ್ಣೆಯ ಟ್ಯಾಂಕುಗಳು ಎದ್ದುನಿಂತ ಅದೇ ಕೊಲೊನ್ನಾವ. ಈ ಏಳು ವರ್ಷಗಳು ಅವರ ಬದುಕಿನ ಕಹಿ ಅಧ್ಯಾಯ. 1973ರ ಕೊನೆಗೆ ಜಗತ್ತಿನಾದ್ಯಂತ ಎಣ್ಣೆಯ ಬೆಲೆ ನಾಲ್ಕು ಪಟ್ಟಾಯಿತು. ಅಕ್ಕಿ, ಸಕ್ಕರೆ, ಗೋಧಿಹಿಟ್ಟಿನ ಬೆಲೆಯೂ ಏರಿತು. ಸಗಟು ವ್ಯಾಪಾರವನ್ನು ಸರ್ಕಾರ ಕೈಗೆತ್ತಿಕೊಂಡರೆ ದುಬಾರಿ ದಲ್ಲಾಳಿ ಮಾಯವಾಗುತ್ತಾನೆ, ನಿಜ. ಆದರೆ ಸರಕೇ ಇಲ್ಲದಾಗ ಬೈಗುಳ ತಿನ್ನಲು ಸಚಿವನ ಹೊರತು ಬೇರೆ ಯಾರೂ ಉಳಿಯುವುದಿಲ್ಲ. ಬ್ರೆಡ್ಡಿಗೆ ಸಾಲು, ಬಟ್ಟೆಗೆ ಪಡಿತರ. ಜನರ ಕೋಪಕ್ಕೆ ಸಿಕ್ಕ ಮುಖಗಳಲ್ಲಿ ವ್ಯಾಪಾರ ಸಚಿವರದೂ ಒಂದು. 1977ರ ಚುನಾವಣೆಯಲ್ಲಿ ಫ್ರೀಡಂ ಪಾರ್ಟಿ 168 ಸ್ಥಾನಗಳಲ್ಲಿ ಗೆದ್ದದ್ದು ಕೇವಲ ಎಂಟು. ಇಲಂಗರತ್ನರೂ ಸೋತರು.

ವಯಸ್ಸು ಎಪ್ಪತ್ತು ದಾಟಿದ ಮೇಲೂ ರಾಜಕೀಯ ಅವರನ್ನು ಬಿಡಲಿಲ್ಲ. 1984ರಲ್ಲಿ ಚಿತ್ರನಟ ವಿಜಯ ಕುಮಾರತುಂಗ ಮತ್ತು ಚಂದ್ರಿಕಾ ಹಳೆಯ ಪಕ್ಷದಿಂದ ಹೊರಬಂದು ಶ್ರೀಲಂಕಾ ಮಹಾಜನ ಪಕ್ಷ ಕಟ್ಟಿದಾಗ ಇಲಂಗರತ್ನ ಅವರೊಂದಿಗೆ ನಿಂತರು. ಸಿಂಹಳ ತಮಿಳು ಕಲಹ ಹೊತ್ತಿ ಉರಿಯುತ್ತಿದ್ದ ಆ ದಿನಗಳಲ್ಲಿ ತಮಿಳರೊಂದಿಗೆ ಸಂಧಾನ ಬೇಕೆಂದು ಬಹಿರಂಗವಾಗಿ ಹೇಳಿದ ಕೆಲವೇ ಸಿಂಹಳ ಪಕ್ಷಗಳಲ್ಲಿ ಅದೂ ಒಂದು. 1988ರ ಫೆಬ್ರವರಿ 16ರಂದು ಕುಮಾರತುಂಗ ಮನೆಯೆದುರೇ ಗುಂಡಿಗೆ ಬಲಿಯಾದರು. ಇಲಂಗರತ್ನ 1992ರಲ್ಲಿ ತೀರಿಕೊಂಡರು.

ಅವರು ಬರೆದ ಅಂಬ ಯಹಲುವೊ ಎಂಬ ಕಾದಂಬರಿ ಅವರ ಕಾಯಿದೆಗಳಿಗಿಂತ ಹೆಚ್ಚು ಜನರನ್ನು ತಲುಪಿದೆ. ಮಾವಿನ ಗೆಳೆಯರು ಎಂಬುದು ಆ ಹೆಸರಿನ ಅಕ್ಷರಶಃ ಅರ್ಥ. ಅಂತಸ್ತು ಬೇರೆ ಬೇರೆಯಾದ ಇಬ್ಬರು ಹಳ್ಳಿ ಹುಡುಗರ ಸ್ನೇಹದ ಕಥೆಯದು. ಕಿರುತೆರೆಗೂ ಬಂದಿತು. ಇಲಂಗರತ್ನರೆಂದರೆ ಈ ಪುಸ್ತಕದ ಕರ್ತೃ ಎಂದಷ್ಟೇ ಬಲ್ಲ ಸಿಂಹಳ ಓದುಗರು ಇಂದು ಕಡಿಮೆಯೇನಿಲ್ಲ.

ಅವರು ಕಟ್ಟಿದ ನಿಗಮದ ಏಕಸ್ವಾಮ್ಯ 2003ರಲ್ಲಿ ಮುರಿಯಿತು. ಹೊಸದಾಗಿ ಮಾರುಕಟ್ಟೆಗೆ ಬಂದದ್ದು ನಮ್ಮ ಇಂಡಿಯನ್ ಆಯಿಲ್‌ನ ಅಂಗಸಂಸ್ಥೆ ಲಂಕಾ ಐಒಸಿ. ಎರಡನೇ ಮಹಾಯುದ್ಧದ ಕಾಲಕ್ಕೆ ಬ್ರಿಟಿಷರು ತ್ರಿಂಕೋಮಲಿಯಲ್ಲಿ ಕಟ್ಟಿದ್ದ ಬೃಹತ್ ಟ್ಯಾಂಕುಗಳಲ್ಲಿ ಕೆಲವು ಅದರ ಬಳಕೆಗೆ ಸಿಕ್ಕವು. 2022ರ ಏಪ್ರಿಲ್‌ನಲ್ಲಿ ದೇಶ ವಿದೇಶಿ ಸಾಲ ತೀರಿಸಲಾಗದೆ ಕೈಚೆಲ್ಲಿದಾಗ ಡಾಲರಿಲ್ಲದೆ ಎಣ್ಣೆಯ ಹಡಗುಗಳು ಬರುವುದು ನಿಂತಿತು. ಜನ ಪೆಟ್ರೋಲ್, ಸೀಮೆಎಣ್ಣೆಗಾಗಿ ಹಗಲಿರುಳು ಸಾಲುಗಟ್ಟಿದರು, ಸಾಲಿನಲ್ಲೇ ಕುಸಿದು ಸತ್ತವರೂ ಇದ್ದರು. ಜೂನ್ ಕೊನೆಯಲ್ಲಿ ಸರ್ಕಾರ ಅಗತ್ಯ ಸೇವೆಗಳಿಗಷ್ಟೇ ಇಂಧನವೆಂದು ಸಾರಿದ ಆ ದಿನಗಳಲ್ಲಿ ಸಾಮಾನ್ಯರಿಗೆ ಅಲ್ಪಸ್ವಲ್ಪ ಎಣ್ಣೆ ಸಿಗುತ್ತಿದ್ದುದು ಲಂಕಾ ಐಒಸಿಯ ಬಂಕುಗಳಲ್ಲಿ. ವಿನಿಮಯವಿಲ್ಲದ ದೇಶಕ್ಕೆ ಎಣ್ಣೆ ತರುವುದು ಹೇಗೆಂಬ 1961ರ ಪ್ರಶ್ನೆಯೇ ಅರವತ್ತು ವರ್ಷಗಳ ಬಳಿಕ ಮತ್ತೆ ಎದುರು ನಿಂತಿತ್ತು, ಈ ಬಾರಿ ಎದುರಾಳಿ ಕಂಪೆನಿಗಳಿಲ್ಲದೆ. ಮರುವರ್ಷ ಚೀನಾದ ಸಿನೊಪೆಕ್ ಕೂಡ ದ್ವೀಪದ ಚಿಲ್ಲರೆ ಮಾರುಕಟ್ಟೆಗೆ ಕಾಲಿಟ್ಟಿತು.

ಕೊಲೊನ್ನಾವದ ಟ್ಯಾಂಕುಗಳು ಈಗ ಪ್ರತ್ಯೇಕವಾದ ಒಂದು ದಾಸ್ತಾನು ಕಂಪೆನಿಯ ಸುಪರ್ದಿನಲ್ಲಿವೆ. ಆ ಕಂಪೆನಿಯಲ್ಲಿ ಮೂರರಲ್ಲಿ ಎರಡು ಪಾಲು ಇಲಂಗರತ್ನರ ನಿಗಮದ್ದು, ಉಳಿದ ಒಂದು ಪಾಲು ಲಂಕಾ ಐಒಸಿಯದು.